ಹೊಸವು ಬುಡಕ

ಊಟದ ಡಬ್ಬಿಯ ಕೆಳಗೆ ಸಿಕ್ಕ ಕಾಗದದ ಅಂಚು ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿದೆ, ಅನ್ನಲಿ, ಎದ್ದು ಸರಿಪಡಿಸುವಷ್ಟು ಕಸುವು ಸಾತಪ್ಪನ ಮೊಣಕಾಲಲ್ಲಿ ಉಳಿದಿಲ್ಲ, ಇಪ್ಪತ್ತೆಂಟು ವರ್ಷ ದವಾಖಾನೆಯ ರೋಗಿಗಳ ಕಾಗದ ಕಟ್ಟಿ ಕಟ್ಟಿ ಬೆರಳಿನ ಗೆರೆಯೂ ಸವೆದಿದೆ — ಡಬ್ಬಿಯ ಸುತ್ತ ದುಂಡಗೆ ಎಣ್ಣೆ ಕಲೆ, ಮುಚ್ಚಳ ಸಡ್ಲ ಆಗೇತಿ, ಬುಡಕ ಏನರ ಹಾಸಿ ಇಡ್ರಿ ಅಂತಾಳೆ ಹೆಂಡತಿ ಅನ್ನವ್ವ, ಹಾಸಿದ್ದಾನಲ್ಲ — ಬಾಗಿಲಲ್ಲಿ ನರ್ಸ್ ಸಾವಿತ್ರೆವ್ವ, ಓಡಿ ಬಂದ ಏದುಸಿರು, ಅಣ್ಣಾರ, ಹುನ್ನೂರ ತಂಗೆವ್ವಂದು ಕಡೀ ಕಾಗದ ಬೇಕ್ರಿ, ಕಬ್ಬು ಕಡಿಯೂವಾಗ ಕಾಲು ಕೊಯ್ಕೊಂಡು ಹೋದ ವಾರ ಬಂದಿದ್ಲಲ್ರಿ ಆಕಿ, ಈಗ ಜ್ವರ ತಲಿಗೇರಿ ಮಾತ ನಿಂತಾವು, ಹಿಂದಿನ ಡಾಕ್ಟರು ಯಾವ ಸೂಜಿ ಬ್ಯಾಡಂದಿದ್ರು ನೋಡಬೇಕಂತ ಹೊಸ ಡಾಕ್ಟರು, ಕಡೀದೊಂದ ಸಾಕ್ರಿ, ಜಲ್ದಿ. ಕಡೆಯದಂತೆ! ನಲವತ್ತು ಊರು, ಊರಿಗೊಂದು ಗಂಟು, ಗಂಟಿಗೆ ಸಾವಿರ ಕಾಗದ, ಇಷ್ಟು ವರ್ಷ ಕೇಳಿದವರೆಲ್ಲ ಹಳೆಯದನ್ನೇ ಕೇಳಿದರು, ಕೋರ್ಟಿಗೆ, ಪೆನ್ಶನ್ನಿಗೆ, ವಯಸ್ಸಿನ ದಾಖಲೆಗೆ, ಈ ಹೊಸಬನೊಬ್ಬನಿಗೆ ಮೊನ್ನೆಯದು ಬೇಕು. ಹುನ್ನೂರ ಗಂಟು ಇಳಿಸಿದ, ಧೂಳು, ಒಂದು ಸೀನು, ದಾರ ಬಿಚ್ಚಿದ, ಮೇಲೆಯೇ ಐವತ್ತಾರನೇ ಇಸವಿ, ಇರಲೇಬೇಕಲ್ಲ, ಅವ್ವ ತಾಯವ್ವ ಒಣಗಿಸಿದ ಕಟಕ ರೊಟ್ಟಿ ಬುಟ್ಟಿಯಲ್ಲಿ ಒಟ್ಟುತ್ತಿದ್ದದ್ದು ಹೀಗೆಯೇ, ಹಳೇವು ಮ್ಯಾಲಿರಲೋ ಸಾತೂ, ಮೊದಲು ಅವು ತೀರಲಿ, ಹೊಸವು ಬುಡಕಿಡು — ನೌಕರಿಗೆ ಸೇರಿದ ದಿನ ಹೀಗೆ ಜೋಡಿಸು ಅಂತ ಯಾರೂ ಹೇಳಿಕೊಡಲಿಲ್ಲ, ಕೈ ತಾನಾಗಿ ಅವ್ವನ ಬುಟ್ಟಿಯಂತೆ ಒಟ್ಟಿತು, ರೊಟ್ಟಿ ತೀರುತ್ತವೆ, ಕಾಗದ ತೀರುವುದಿಲ್ಲ, ಇಷ್ಟು ಸಣ್ಣ ಮಾತು ಹೊಳೆಯಲು ನಿವೃತ್ತಿಗೆ ನಾಲ್ಕೇ ತಿಂಗಳು ಉಳಿಯಬೇಕಿತ್ತೆ.

ಶಿವವ್ವ, ಹೆರಿಗೆ, ಹುಲೆಪ್ಪ, ನಾಯಿ ಕಡಿತ, ಇನ್ನೊಬ್ಬ ಹುಲೆಪ್ಪ, ಎಣಿಸಿದಷ್ಟೂ ಐವತ್ತೆಂಟನೇ ಇಸವಿ ದಾಟುವುದಿಲ್ಲ, ಅಯ್ಯೋ ಮಂಕೇ, ಗಂಟನ್ನೇ ಬೋರಲು ಹಾಕಬಾರದೆ — ಹಾಕಿದ, ತಳ ಮೇಲಾಯಿತು, ಆದರೆ ಅದು ಹೋದ ತಿಂಗಳಿನದು, ತಂಗೆವ್ವ ಇಲ್ಲ. ಇರುವುದು ಹೇಗೆ, ಒಂದು ಕಾಗದ ಬುಡಕ್ಕೆ ಸೇರಿಸಲು ಇಡೀ ಗಂಟು ಎತ್ತಬೇಕು, ಮೊಣಕಾಲು ಒಲ್ಲೆ ಅನ್ನುತ್ತದೆ, ತಿಂಗಳಿಗೊಮ್ಮೆ ಕಟ್ಟಿದರಾಯಿತು ಅಂತ ಬಿಟ್ಟಿದ್ದ, ಹಾಗಾದರೆ ಈ ತಿಂಗಳಿನವು ಎಲ್ಲಿ, ಮೇಜಿನ ಮೇಲೆ, ಇವು ಮುಧೋಳದವು, ಇವು ಬೀಳಗಿಯವು, ಹುನ್ನೂರಿನವು ಎಲ್ಲಿ, ಬಾಗಿಲಲ್ಲಿ ಮತ್ತೆ ಸಾವಿತ್ರೆವ್ವ, ಅಣ್ಣಾರ, ಸೂಜಿ ತುಂಬಾಕತ್ತಾರ್ರಿ, ಇನ್ನ ತಡಿಯೂದಿಲ್ಲಂತ, ಅಂದವಳೇ ಹೋಗಿಬಿಟ್ಟಳು, ಪಟಪಟ, ಪಟಪಟ, ಡಬ್ಬಿ ಎತ್ತಿದ. ತಂಗೆವ್ವ, ಹುನ್ನೂರ. ದುಂಡು ಎಣ್ಣೆ ಕಲೆ, ಕಲೆಯ ನಡುವೆ ಕೆಂಪು ಶಾಯಿ, ಪೆನಿಸಿಲಿನ್ ಕೊಡಬಾರದು, ಹಿಂದೆ ಕೊಟ್ಟಾಗ ಉಸಿರು ಕಟ್ಟಿತ್ತು, ಅಡಿಯಲ್ಲಿ ಎರಡು ಗೆರೆ. ಮೊಣಕಾಲು ಇದೆಯೋ ಇಲ್ಲವೋ ನೋಡದೆ ಓಡಿದ, ತಡೀರಿ, ತಡೀರಿ ಸಾಹೇಬ್ರ, ಸೂಜಿಯ ತುದಿ ತಂಗೆವ್ವನ ತೋಳಿನ ಹತ್ತಿರ, ಅವಳ ಮಗ ಹೊಳಬಸಪ್ಪ ಅವ್ವನ ಕೈ ಗಟ್ಟಿಯಾಗಿ ಹಿಡಿದಿದ್ದ, ಡಾಕ್ಟರು ಓದಿದರು, ಸೂಜಿಯನ್ನು ತಾಟಿಗೆ ಹಾಕಿದರು, ಟಣ್, ಬೇರೆ ಔಷಧಿ ತರಿಸಿದರು, ಹೊಳಬಸಪ್ಪ ಸಾತಪ್ಪನ ಕಾಲಿಗೇ ಬಿದ್ದ, ನಿಮ್ಮಿಂದ ನಮ್ಮವ್ವ ಉಳಿದಳ್ರಿ ಯಪ್ಪಾ. ಬ್ಯಾಡೋ ತಮ್ಮಾ, ಏಳು, ಅಂದ, ನಾಚಿಕೆಯಾಯಿತು. ಕೋಣೆಗೆ ಮರಳಿ ಕುಳಿತ, ಡಬ್ಬಿ ತೆರೆದ, ರೊಟ್ಟಿ ಮುರಿಯಲು ಕೈ ಏಳಲಿಲ್ಲ, ಎಂಟು ದಿನ, ಎಂಟು ಮಧ್ಯಾಹ್ನ ಆ ಹೆಂಗಸಿನ ಜೀವದ ಮೇಲೆ ಡಬ್ಬಿ ಇಟ್ಟು ಉಂಡಿದ್ದಾನೆ, ಬೆರಳು ನೆಕ್ಕಿ ತೇಗಿದ್ದಾನೆ, ಫ್ಯಾನು ತಿರುಗುತ್ತಿದೆ, ಪಟಪಟ ಅನ್ನಲು ಈಗ ಏನೂ ಇಲ್ಲ, ಮೇಜಿನ ಮೇಲೆ ದುಂಡು ಎಣ್ಣೆ ಕಲೆ, ಕಣ್ಣು ಮುಚ್ಚಿದರೂ ಅದೇ, ದುಂಡು ಎಣ್ಣೆ ಕಲೆ, ನಡುವೆ ಕೆಂಪು ಅಕ್ಷರ, ಎರಡು ಗೆರೆ, ದುಂಡು ಎಣ್ಣೆ ಕಲೆ —