ಗುರುಲಿಂಗವ್ವ ಕೊಟ್ಟ ನೋಟಿಸು

ಇಳಕಲ್ಲಿನ ಗುರುಲಿಂಗವ್ವನ ಮನೆಗೆ ಹದಿನಾಲ್ಕು ಮೆಟ್ಟಿಲು. ಮೇಲೆ ಆಕೆ ಒಬ್ಬಳೇ. ಕೆಳಗೆ ಬಾಡಿಗೆಗೆ ನೇಕಾರ ಅಮಾತೆಪ್ಪ ಮತ್ತು ಅವನ ಹೆಂಡತಿ ಮಾಯವ್ವ. ಏಳು ವರ್ಷ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಈಗ ಗುರುಲಿಂಗವ್ವನ ಎರಡೂ ಮೊಳಕಾಲು ಸೋತಿದ್ದವು. ಹತ್ತುವಾಗ ಗೋಡೆ ಹಿಡಿಯಬೇಕು, ಇಳಿಯುವಾಗ ಕೂತು ಒಂದೊಂದೇ ಮೆಟ್ಟಿಲು ಜಾರಬೇಕು. ಗಣೇಶ ಚೌತಿಯ ಮರುದಿನ ಬಿದ್ದು ಎಡ ಮುಂಗೈ ಮುರಿದುಕೊಂಡಾಗ ಡಾಕ್ಟರು ಒಂದೇ ಮಾತು ಹೇಳಿದರು: ಇನ್ನು ಕೆಳಗೆ ಇರಿ.

ಕೆಳಗಿರಬೇಕೆಂದರೆ ಅಮಾತೆಪ್ಪ ಬಿಡಬೇಕು. ಅವನನ್ನು ಮೇಲಕ್ಕೆ ಕಳಿಸುವಂತೆಯೂ ಇಲ್ಲ. ಅವನದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯಬೇಕು. ಮಾಳಿಗೆಯ ಮೇಲೆ ಕುಣಿ ತೋಡಿದರೆ ಕಾಲು ಕೆಳಗಿನ ಮನೆಯಲ್ಲಿ ಜೋತಾಡುತ್ತವೆ.

ಗುರುಲಿಂಗವ್ವ ಹೇಳದೆ ಬಿಟ್ಟಿರಲಿಲ್ಲ. ಯುಗಾದಿಗೆ ಹೇಳಿದ್ದಳು, ನಾಗರಪಂಚಮಿಗೂ ಹೇಳಿದ್ದಳು. ಆ ಓಣಿಯಲ್ಲಿ ಎಲ್ಲರೂ ಹೇಳುವ ಹಾಗೆಯೇ ಹೇಳಿದ್ದಳು: "ಈ ಹಾಸು ಮುಗದ ಮ್ಯಾಲೆ ಮನಿ ಬಿಡಪಾ." ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲೇ ಹಾಸು. ಅರ್ಧ ನೇಯ್ದ ಹಾಸನ್ನು ಕತ್ತರಿಸಿ ಮಗ್ಗ ಕೀಳು ಎನ್ನಲು ನೇಕಾರರ ಓಣಿಯಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಅಮಾತೆಪ್ಪ ಪ್ರತಿ ಸಲವೂ "ಆತ್ರಿ ಅವ್ವಾರ" ಎನ್ನುತ್ತಿದ್ದ. ಹಾಸು ಮುಗಿಯುವಷ್ಟರಲ್ಲಿ, ನೂಲು ಕೊಟ್ಟು ಕೂಲಿಗೆ ನೇಯಿಸುವ ಸಾವುಕಾರನಿಂದ ಹೊಸ ನೂಲು ಬಂದಿರುತ್ತಿತ್ತು. ಹಳೆಯ ಎಳೆಗಳ ತುದಿಗೆ ಹೊಸ ಎಳೆ ಸೇರಿಸಿ ಕೆಚ್ಚುತ್ತ ಮಾಯವ್ವ ಕೂತಿರುತ್ತಿದ್ದಳು. ಮಗ್ಗ ಬರಿದಾಗಲಿಲ್ಲ, ಮನೆಯೂ ಬರಿದಾಗಲಿಲ್ಲ.

ಬಾಗಲಕೋಟೆಯ ವಿದ್ಯಾಗಿರಿಯಿಂದ ನೋಡಲು ಬಂದ ತಂಗಿಯ ಮಗ ಪ್ರಭು ಉಪಾಯ ಹೇಳಿದ. ಗುರುವಾರ ಗಂಡ ಹೆಂಡತಿ ಕೆರೂರಿಗೆ ಮದುವೆಗೆ ಹೋಗುವವರಿದ್ದರು. ಅವತ್ತೇ ಬಾಗಿಲಿಗೆ ಕೀಲಿ ಜಡಿ ಎಂದ.

"ಮನಿ ನಿಂದು, ದೊಡ್ಡವ್ವ. ನಿನ್ನ ಮನಿಗೆ ನೀ ಕೀಲಿ ಹಾಕಾಕ ಯಾರನ್ನ ಕೇಳಬೇಕು?"

ಅಂಗೈಯಗಲದ ಹಿತ್ತಾಳೆ ಕೀಲಿಯನ್ನೂ ತಾನೇ ತಂದುಕೊಟ್ಟು ಹೋದ.

ಮುಂಗೈಗೆ ಪಟ್ಟಿ ಬಿದ್ದಂದಿನಿಂದ ಗುರುಲಿಂಗವ್ವನಿಗೆ ದಿನಾ ಬೆಳಿಗ್ಗೆ ತಲೆ ಬಾಚಿ ಕೊಡುತ್ತಿದ್ದವಳು ಪಕ್ಕದ ಮನೆಯ ಶ್ರುತಿ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಆಕೆ ಸ್ವಯಂಸೇವಕಿ. ದಿಂಬಿನ ಪಕ್ಕದ ಕೀಲಿ ಕಂಡು ಏನೆಂದು ಕೇಳಿದಳು. ಗುರುಲಿಂಗವ್ವ ಮುಚ್ಚಿಡಲಿಲ್ಲ.

"ಇದನ್ನ ಹಾಕಿದ್ರ ಅಮಾತೆಪ್ಪ ಕೋರ್ಟಿಗೆ ಹೋಗ್ತಾನ, ಆಯಿ. ನೀವೂ ಹೋಗಬೇಕಾಗತೈತಿ. ಅಲ್ಲೂ ಮೆಟ್ಲ ಅದಾವ."

ಮನೆ ತನ್ನದಲ್ಲವೇ ಎಂದು ಗುರುಲಿಂಗವ್ವ ಕೇಳಿದಳು. ಮನೆ ನಿಮ್ಮದೇ, ಆದರೆ ಬಾಡಿಗೆಗೆ ಇರುವವರನ್ನು ಬಲವಂತವಾಗಿ ಹೊರಹಾಕುವ ಹಕ್ಕು ಮಾಲೀಕರಿಗಿಲ್ಲ ಎಂದಳು ಶ್ರುತಿ. ಕೀಲಿ ಹಾಕಬಾರದು, ಕರೆಂಟು ನೀರು ನಿಲ್ಲಿಸಬಾರದು, ಸಾಮಾನು ಬೀದಿಗೆ ಎಸೆಯಬಾರದು. ಮೊದಲು ನೋಟಿಸು ಕೊಡಬೇಕು. ಅವಧಿ ಮುಗಿದರೂ ಬಿಡದಿದ್ದರೆ ಕೋರ್ಟಿನ ಆದೇಶದಿಂದಲೇ ಬಿಡಿಸಬೇಕು.

ಗುರುಲಿಂಗವ್ವನಿಗೆ ಇದು ಹಿಡಿಸಲಿಲ್ಲ. "ನೋಟಿಸ್ ಅಂದ್ರ ಜಗಳಕ್ಕ ಕರದಂಗ. ಏಳು ವರ್ಷದಾಗ ಒಂದ ದಿನ ಅವನ ಕೂಡ ಜಗಳ ಆಡಿಲ್ಲ ನಾ."

"ಕೀಲಿ ಹಾಕೂದು ಜಗಳ ಅಲ್ಲೇನ್ರಿ?"

ಗುರುಲಿಂಗವ್ವ ಕೀಲಿಯನ್ನು ದಿಂಬಿನ ಕೆಳಗೆ ತಳ್ಳಿ, ಮೂಲೆಯ ಟ್ರಂಕು ತೋರಿಸಿದಳು.

ಟ್ರಂಕಿನ ತಳದಲ್ಲಿ ಹಳೆಯ ಕರಾರು ಪತ್ರ ಸಿಕ್ಕಿತು. ಏಳು ವರ್ಷದಲ್ಲಿ ಅದನ್ನು ಯಾರೂ ಬಿಚ್ಚಿರಲಿಲ್ಲ. ಮನೆ ಬಿಡುವುದಾದರೂ ಬಿಡಿಸುವುದಾದರೂ ಎರಡು ತಿಂಗಳು ಮುಂಚೆ ಬರೆದು ತಿಳಿಸಬೇಕೆಂದು ಅದರಲ್ಲಿ ಸ್ಪಷ್ಟವಾಗಿತ್ತು. ಶ್ರುತಿ ಹಾಳೆ ಪೆನ್ನು ತೆಗೆದಳು. ಗುರುಲಿಂಗವ್ವ ತಾನು ಮೆಟ್ಟಿಲಿನಿಂದ ಬಿದ್ದದ್ದು, ಮಾಯವ್ವನಿಗೆ ಜ್ವರ ಬಂದಾಗ ಗಂಜಿ ಕೊಟ್ಟದ್ದು, ಎಲ್ಲವನ್ನೂ ಬರೆಸತೊಡಗಿದಳು. ಶ್ರುತಿ ತಡೆದಳು. ಯಾರು, ಯಾರಿಗೆ, ಯಾವ ಮನೆ, ಯಾಕೆ, ಯಾವಾಗ ಬಿಡಬೇಕು, ಇಷ್ಟು ಸಾಕು ಎಂದಳು.

"ಯಾವಾಗ ಅಂದ್ರ, ಈ ಹಾಸು ಮುಗದ ಮ್ಯಾಲೆ ಅಂತ ಬರಿ."

ಶ್ರುತಿ ಪೆನ್ನು ಕೆಳಗಿಟ್ಟು ಗೋಡೆಯ ಕಡೆ ಕೈ ಮಾಡಿದಳು. "ಆ ಕ್ಯಾಲೆಂಡರಿನಾಗ ಹಾಸು ಎಲ್ಲೈತಿ, ತೋರಸ್ರಿ."

ಗುರುಲಿಂಗವ್ವ ಕ್ಯಾಲೆಂಡರ್ ನೋಡಿ ಎರಡು ತಿಂಗಳು ಎಣಿಸಿದಳು. ಆಮೇಲೆ ತಾನೇ ತಾರೀಖು ಹೇಳಿದಳು. ನೋಟಿಸು ಹೀಗಾಯಿತು:

"ಶ್ರೀ ಅಮಾತೆಪ್ಪ ಅವರಿಗೆ, ನನ್ನ ಮನೆಯ ಕೆಳಭಾಗದಲ್ಲಿ ನೀವು ಏಳು ವರ್ಷಗಳಿಂದ ತಿಂಗಳ ಬಾಡಿಗೆಗೆ ಇದ್ದೀರಿ. ಮೊಳಕಾಲು ನೋವಿನಿಂದ ಮೆಟ್ಟಿಲು ಹತ್ತಲಾಗದ ಕಾರಣ ಆ ಮನೆ ನನ್ನ ಸ್ವಂತ ವಾಸಕ್ಕೆ ಬೇಕಾಗಿದೆ. ಕರಾರಿನಂತೆ ಎರಡು ತಿಂಗಳ ಅವಧಿ ಕೊಟ್ಟು, ನವೆಂಬರ್ 30ರ ಒಳಗೆ ಮನೆ ತೆರವು ಮಾಡಲು ತಿಳಿಸುತ್ತೇನೆ. ಕೀಲಿಕೈ ಒಪ್ಪಿಸಿದ ದಿನವೇ ಡಿಪಾಜಿಟ್ ಮರಳಿಸುತ್ತೇನೆ."

ಕೆಳಗೆ ತಾರೀಖು, ವಿಳಾಸ, ಸಹಿ. ಸಮಿತಿಯ ವಕೀಲರು ಓದಿ ಸರಿಯಿದೆ ಎಂದರು, ಫೀ ಕೇಳಲಿಲ್ಲ. ಒಂದು ಪ್ರತಿ ಟ್ರಂಕಿಗೆ ಹೋಯಿತು. ಇನ್ನೊಂದು, ತಲುಪಿದ್ದಕ್ಕೆ ಸಹಿ ಬರುವ ಹಾಗೆ ಅಂಚೆಗೆ ಹೋಯಿತು. ಒಂದೇ ಮನೆಯ ಮೇಲಿನಿಂದ ಕೆಳಕ್ಕೆ ಹೋಗಲು ಆ ಕಾಗದ ಎರಡು ದಿನ ತೆಗೆದುಕೊಂಡಿತು.

ಅಂಚೆಯವನು ಬಂದಾಗ ಮಗ್ಗದ ಸದ್ದು ನಿಂತಿತು. ಅಮಾತೆಪ್ಪ ಕಾಗದ ಹಿಡಿದು ಮೆಟ್ಟಿಲೇರಿ ಬಂದ.

"ಇದನ್ನ ಯುಗಾದಿಗೇ ಕೊಡಬಾರದಿತ್ತೇನ್ರಿ, ಅವ್ವಾರ?"

ಅವನ ಪೇಚು ಆಗ ಹೊರಬಂತು. ಮನೆ ಬಿಡಬೇಕು, ಹೊಸ ನೂಲು ಬೇಡ ಎಂದರೆ ಸಾವುಕಾರ ಯಾವ ತಾರೀಖು ಎಂದು ಕೇಳುತ್ತಿದ್ದ. ಇವನ ಹತ್ತಿರ ತಾರೀಖು ಇರಲಿಲ್ಲ. ಹಾಗಾದರೆ ಇನ್ನೊಂದು ಹಾಸು ನೇಯಿ ಎನ್ನುತ್ತಿದ್ದ. ಬೇಡವೆಂದರೆ ಮುಂದೆ ನೂಲೇ ಸಿಗಲಿಕ್ಕಿಲ್ಲವೆಂಬ ಹೆದರಿಕೆ. ಅವತ್ತೇ ಅವನು ಸಾವುಕಾರನಿಗೆ ನೋಟಿಸು ತೋರಿಸಿದ. ಸಾವುಕಾರ ಹೊಸ ನೂಲು ನಿಲ್ಲಿಸಿದ, ತನ್ನ ಶೆಡ್ಡಿನಲ್ಲಿ ಕುಣಿ ತೋಡಲು ಜಾಗವನ್ನೂ ಕೊಟ್ಟ. ಹತ್ತಿರದಲ್ಲೇ ಮಾಯವ್ವ ಒಂದು ಕೋಣೆ ಹುಡುಕಿದಳು.

ನವೆಂಬರ್ 27ಕ್ಕೆ ಕೊನೆಯ ಸೀರೆ ಮಗ್ಗದಿಂದ ಇಳಿಯಿತು. ಕೀಲಿಕೈ ಒಪ್ಪಿಸಿದ್ದಕ್ಕೂ ಡಿಪಾಜಿಟ್ ಮರಳಿಸಿದ್ದಕ್ಕೂ ಇಬ್ಬರೂ ಸಹಿ ಮಾಡಿದರು. ಗುರುಲಿಂಗವ್ವ ಕೆಳಗೆ ಬಂದಳು. ಮುಚ್ಚಲು ಗೌಂಡಿ ಬರುವತನಕ ಕುಣಿ ಹಾಗೆಯೇ ಇತ್ತು. ಅದರ ಅಂಚಿಗೆ ಕೂತು, ಕಾಲು ಇಳಿಬಿಟ್ಟು ಚಹಾ ಕುಡಿದಳು. ಮೊಳಕಾಲಿಗೆ ಭಾಳ ಹಿತವೆನಿಸಿತು. ಗೌಂಡಿ ಎರಡು ದಿನ ತಡವಾಗಿ ಬರಲಿ ಎಂದು ಹೇಳಿ ಕಳಿಸಿದಳು. ಪ್ರಭು ತಂದ ಹಿತ್ತಾಳೆ ಕೀಲಿ ಈಗ ಮಾಳಿಗೆಯ ಖಾಲಿ ಕೋಣೆಗೆ ಬಿದ್ದಿದೆ.

ಮನೆ ಬಾಡಿಗೆಗೆ ಕೊಟ್ಟವರೇ, ಬಾಯಿಮಾತಿಗೆ ತಾರೀಖಿಲ್ಲ, ಕಾಗದಕ್ಕಿದೆ. ಕರಾರಿನಲ್ಲಿ ಎಷ್ಟು ದಿನವೆಂದು ಬರೆದಿದೆಯೋ ಅಷ್ಟು ದಿನ ಕೊಡಿ. ಕರಾರೇ ಇಲ್ಲದಿದ್ದರೆ, ತಿಂಗಳ ಬಾಡಿಗೆಯ ವಾಸದ ಮನೆಗೆ ಕಡಿಮೆಯೆಂದರೂ ಹದಿನೈದು ದಿನ ಕೊಡಬೇಕು. ಕೆಲಸ ನಡೆಯುವ ಜಾಗಕ್ಕೆ ಲೆಕ್ಕ ಬೇರೆ, ವಕೀಲರನ್ನು ಕೇಳಿ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ವಕೀಲರ ಸಲಹೆ ಉಚಿತ. ಅಂಗಡಿಗೆ ಹೋಗಿ ಕೀಲಿ ತರುವ ಮೊದಲು ಟ್ರಂಕು ತೆಗೆದು ನಿಮ್ಮ ಕರಾರು ಪತ್ರ ಒಮ್ಮೆ ಓದಿ.