ಸಾಲಿನಲ್ಲಿ ಮೊದಲನೆಯವರು

ಕಿಡ್ನಿಗಾಗಿ ಕಾಯುವವರ ಹೆಸರುಗಳಿರುವ ಆಸ್ಪತ್ರೆಯ ವೆಬ್ ಅಪ್ಲಿಕೇಶನ್ನನ್ನು ಹಳೆಯ ಡೇಟಾಬೇಸಿನಿಂದ ಬಿಡಿಸಿ ಹೊಸದಕ್ಕೆ ಜೋಡಿಸಿದ್ದು ನಾನೇ. ಅಪ್ಲಿಕೇಶನ್ ಕಟ್ಟಲು ಬಳಸಿದ ಫ್ರೇಮ್‌ವರ್ಕು ಬುದ್ಧಿವಂತ, ಯಾವ ಡೇಟಾಬೇಸ್ ಕೊಟ್ಟರೂ ಹೊಂದಿಕೊಳ್ಳುತ್ತದೆ, ಸೆಟ್ಟಿಂಗ್ಸಿನಲ್ಲಿ ನಾಲ್ಕು ಸಾಲು ತಿದ್ದಿದರೆ ಮುಗಿಯಿತು ಎಂದು ಭಾವನ ಮುಂದೆ ಕೊಚ್ಚಿಕೊಂಡಿದ್ದೆ.

"ನಿಮ್ಮಕ್ಕನ ಜೊತೆ ಹೊಂದ್ಕೊಳ್ಳೋದಕ್ಕಿಂತ ಸುಲಭ ಅನ್ನು," ಎಂದಿದ್ದರು ಭಾವ.

ಆ ಪಟ್ಟಿಯಲ್ಲಿ ಅಕ್ಕನೂ ಇದ್ದಳು. ಡಯಾಲಿಸಿಸ್ಸಿಗೆ ಹೋಗಿ ಹೋಗಿ, ನೀರನ್ನೂ ಅಳೆದು ಕುಡಿದು ಸೋತಿದ್ದಳು. ನನ್ನ ಸರದಿ ಎಲ್ಲಿಗೆ ಬಂತು ಎಂದು ತಲೆ ತಿನ್ನುತ್ತಿದ್ದಳು. ನಿನ್ನ ರಕ್ತದ ಗುಂಪಿನವರು ಇನ್ನೂ ಇಬ್ಬರು ಮುಂದಿದ್ದಾರೆ ಎಂದು ಹೋದ ವಾರವಷ್ಟೇ ಹೇಳಿದ್ದೆ.

ಇವತ್ತು ಬೆಳಿಗ್ಗೆ ಕರೆ ಬಂತು: ಕಿಡ್ನಿ ಸಿಕ್ಕಿದೆ, ತಕ್ಷಣ ಹೊರಟು ಬನ್ನಿ. ಭಾವ ಗಡಿಬಿಡಿಯಲ್ಲಿ ನನ್ನ ಚಪ್ಪಲಿ ಮೆಟ್ಟಿಕೊಂಡೇ ಕಾರು ತೆಗೆದರು. ದಾರಿಯಲ್ಲಿ ಅಕ್ಕ, "ಇನ್ಮೇಲೆ ಹೊಟ್ಟೆ ತುಂಬ ನೀರು ಕುಡೀಬಹುದು," ಎಂದಳು.

ಅವಳನ್ನು ಒಳಗೆ ಕರೆದೊಯ್ದರು. ಅಕ್ಕನ ಮುಂದಿದ್ದ ಇಬ್ಬರಿಗೂ ಕಿಡ್ನಿ ಸಿಕ್ಕಿರಬೇಕು ಎಂದು ಖುಷಿಪಡಲೆಂದೇ ನಾನು ಹೊರಗೆ ಕೂತು ಲ್ಯಾಪ್‌ಟಾಪ್ ತೆರೆದೆ. ಪಟ್ಟಿಯಲ್ಲಿ ಇಬ್ಬರೂ ಇನ್ನೂ ಕಾಯುತ್ತಿದ್ದರು.

ಕೋಡ್ ತೆರೆದು ನೋಡಿದೆ. ಕಿಡ್ನಿ ಹೊಂದುವವರಲ್ಲಿ ಮೊದಲನೆಯವರನ್ನು ಕೊಡು ಎಂದಷ್ಟೇ ಇತ್ತು. ಯಾವ ಲೆಕ್ಕದಲ್ಲಿ ಮೊದಲು ಎಂದು ಯಾರೂ ಬರೆದಿರಲಿಲ್ಲ. ಹಳೆಯ ಡೇಟಾಬೇಸ್ ಪಾಪ, ಕೇಳದಿದ್ದರೂ ಮೊದಲು ಹೆಸರು ಬರೆಸಿದವರನ್ನೇ ಮುಂದಿಡುತ್ತಿತ್ತು. ಹೊಸದಕ್ಕೆ ಆ ಹಂಗಿಲ್ಲ, ಕೈಗೆ ಸಿಕ್ಕವರನ್ನು ಎತ್ತಿಕೊಟ್ಟಿತ್ತು. ಬುದ್ಧಿವಂತ ಫ್ರೇಮ್‌ವರ್ಕು ತುಟಿ ಪಿಟಕ್ಕೆನ್ನದೆ ಅದನ್ನೇ ದಾಟಿಸಿತ್ತು. ಹಾಗೆ ಕೈಗೆ ಸಿಕ್ಕವಳು ನಮ್ಮಕ್ಕ.

ಎದುರು ಬೆಂಚಿನಲ್ಲಿ ಭಾವ ತಮ್ಮ ತಾಯಿಗೆ ಫೋನಿನಲ್ಲಿ ಸುದ್ದಿ ಹೇಳುತ್ತಾ ಅಳುತ್ತಿದ್ದರು. ಸದ್ದಿಲ್ಲದೆ ಕೋಡಿನ ಆ ಸಾಲು ತಿದ್ದಿ ಬಾಯಿ ಮುಚ್ಚಿಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡೇ ಕೂತಿದ್ದೆ, ಎಷ್ಟು ಹೊತ್ತೋ. ಆ ಇಬ್ಬರಲ್ಲಿ ಮೊದಲಿದ್ದ ಮನುಷ್ಯ ಅಕ್ಕನಿಗಿಂತ ಒಂದು ವರ್ಷ ಹಿಂದೆಯೇ ಹೆಸರು ಬರೆಸಿದ್ದ.

ಎದ್ದು ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಫೋನೆತ್ತಿ ಆ ಮನುಷ್ಯನನ್ನು ಬರಹೇಳಿದರು. ಆಮೇಲೆ, "ನಿಮ್ಮಕ್ಕಂಗೆ ನೀವೇ ಹೇಳ್ತೀರಾ?" ಎಂದರು.

ಅಕ್ಕ ಆಪರೇಷನ್ನಿನ ಹಸಿರು ನಿಲುವಂಗಿ ತೊಟ್ಟು ಮಂಚದ ಅಂಚಿನಲ್ಲಿ ಕೂತಿದ್ದಳು. ಎಲ್ಲ ಹೇಳಿದೆ. ಅವಳು ಕೇಳಿದಳು:

"ನೀನು ಸುಮ್ನೆ ಇರಬಹುದಿತ್ತಲ್ವಾ?"

ಬೈಯಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಇರಬಹುದಿತ್ತು," ಎಂದೆ.

ಅವಳು ನಿಲುವಂಗಿ ಕಳಚಲು ಹೋದಳು. ಬೆನ್ನ ಹಿಂದಿನ ದಾರ ಕೈಗೆ ಎಟುಕಲಿಲ್ಲ. ನನ್ನ ಕಡೆ ಬೆನ್ನು ತಿರುಗಿಸಿ, "ಬಿಚ್ಚು," ಎಂದಳು.