ಯೂರಿಯಾ ಚೀಲದೊಳಗಿನ ಚೀಟಿ

“ಏನ್ಲೇ ಜಡೆಪ್ಪ, ನಿನ್ನ ಹೇಣ್ತಿ ಹೊಟ್ಟಿಗೆ ಬೀಗ ಜಡ್ಕೊಂಡು ಕುಂತಾಳಲ್ಲೋ. ಕೀಲಿ ಯಾರ ಕೈಯಾಗ ಐತಿ?”

ಧಣಿ ಬದುವಿನ ಮೇಲೆ ನಿಂತು ಚೀಟಿಯನ್ನು ಎತ್ತಿ ಹಿಡಿದಿದ್ದ. ಸಿರಿಗೇರಿಯ ಆ ಗದ್ದೆಯಲ್ಲಿ ಸೊಂಟ ಬಗ್ಗಿಸಿ, ಹಿಂದಕ್ಕೆ ಸರಿಯುತ್ತ ನೆಲ್ಲು ಹಚ್ಚುತ್ತಿದ್ದ ಒಂಬತ್ತು ಹೆಂಗಸರು ಹಾಗೇ ನಿಂತರು. ಜಡೆಪ್ಪನ ಹೆಂಡತಿ ಹುಲುಗಮ್ಮನ ಬೆರಳಿಂದ ಸಸಿ ಜಾರಿತು.

ಸೀರೆ ನೆನೆಯದಿರಲೆಂದು ನಾಟಿಯ ಹೆಂಗಸರು ಯೂರಿಯಾ ಚೀಲ ಸೀಳಿ ಸೊಂಟಕ್ಕೆ ಸುತ್ತಿಕೊಳ್ಳುತ್ತಾರೆ. ಕೆಸರು, ಬೆವರು, ಮುಟ್ಟಿನ ವಾಸನೆ ಹತ್ತಿದ ಅದನ್ನು ಯಾವ ಗಂಡಸೂ ಮುಟ್ಟುವುದಿಲ್ಲ. ಹಾಗೆಂದೇ ಅವಳು ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಚೀಲದ ಮಡಿಕೆಯೊಳಗೆ ಹೊಲಿದಿದ್ದಳು. ಹೊಲಿಗೆ ಬಿಚ್ಚಿಹೋಗಿ, ಅದು ನೀರಲ್ಲಿ ತೇಲಿಕೊಂಡು ಧಣಿಯ ಕಾಲ ಬಳಿಗೇ ಹೋಗಬೇಕೆ.

“ಮಕ್ಕಳಾಗದ ಸೂಜಿ ಅಂತ. ಮೂರು ತಿಂಗ್ಳಿಗೊಂದು. ಎರಡು ಹಾಕ್ಕೊಂಡು ಮುಗಿಸ್ಯಾಳ. ನಿನಗ ಗಂಡಸ್ತನ ಇಲ್ಲಂತ ನಾ ಬೈತಿದ್ದೆ, ತಪ್ಪಾತಲೇ.”

ಮೂರನೆಯ ಹೆಣ್ಣು ಹುಟ್ಟಿದಾಗ ಬಳ್ಳಾರಿಯಲ್ಲಿ ನಾಲ್ಕು ಬಾಟಲಿ ರಕ್ತ ಏರಿಸಿದ್ದರು. ಇನ್ನೊಂದು ಬಸುರಾದರೆ ಹೆಣ ಒಯ್ಯಬೇಕಾಗುತ್ತದೆ ಎಂದು ಡಾಕ್ಟರು ಹೇಳುವಾಗ ಜಡೆಪ್ಪ ಪಕ್ಕದಲ್ಲೇ ನಿಂತಿದ್ದ. ಗುಳಿಗೆ ತಂದರೆ ಒಲೆಗೆ ಹಾಕಿದ. ಕಾಪರ್-ಟಿ ಹಾಕಿಸಿದರೆ ತಿಂಗಳುಗಟ್ಟಲೆ ರಕ್ತ ಹೋಗಿ, ಮೊಣಕಾಲುದ್ದ ನೀರಲ್ಲಿ ನಿಲ್ಲಲಾಗದೆ ತೆಗೆಸಿದಳು. ಆಪರೇಷನ್ನಿಗೆ ಗಂಡ ಒಪ್ಪಲಿಲ್ಲ. ಕಡೆಗೆ ಉಳಿದದ್ದು ಯಾರ ಕಣ್ಣಿಗೂ ಬೀಳದ ಈ ಸೂಜಿ. ಮೂರನೇ ಸೂಜಿಯ ತಾರೀಕು ದಾಟಿ ನಾಲ್ಕು ವಾರವಾಗಿತ್ತು. ನಾಟಿ ಬಿಟ್ಟು ಹೋಗಲು ಧಣಿ ಬಿಟ್ಟಿರಲಿಲ್ಲ. ತಡ ಮಾಡಿದರೂ ಇಷ್ಟೇ ದಿನ ಎಂದು ಊರ ಆಸ್ಪತ್ರೆಯ ಸಿಸ್ಟರು ಕೊಟ್ಟ ಗಡುವು ಇವತ್ತಿಗೆ ಮುಗಿಯುತ್ತಿತ್ತು.

ಜಡೆಪ್ಪ ಹೊತ್ತಿದ್ದ ಸಸಿಯ ಕಟ್ಟು ಎಸೆದು ಬಂದ. ಕೂದಲು ಹಿಡಿದು ಅವಳ ಮುಖವನ್ನು ಕೆಸರಿಗೆ ಅದ್ದಿದ.

“ಗಂಡು ಹುಟ್ಲಿ ಅಂತ ನಾ ಹರಕಿ ಹೊತ್ರ ನೀ ಸೂಜಿ ಚುಚ್ಚಿಸ್ಕೊಂತೀಯೇನ ರಂಡಿ? ಯಾವನ ಜೋಡಿ ಮಲಗಾಕ?”

ಬಾಯ್ತುಂಬ ಮಣ್ಣು. ಎದ್ದು ಉಗುಳುವಷ್ಟರಲ್ಲಿ, ಅವನು ಬದುವಿನಿಂದ ಎಳೆದುಕೊಂಡ ಸಲಿಕೆಯ ಮರದ ಕಾವು ಬಲಗೈ ಮೇಲೆ ಬಿತ್ತು. ಹಸಿ ಕಟ್ಟಿಗೆ ಮುರಿದಂಥ ಸದ್ದು.

“ಸಾಯಿಸಬ್ಯಾಡಲೇ,” ಎಂದ ಧಣಿ. “ಇನ್ನಾ ಎರಡೆಕ್ರಿ ಹಚ್ಚೋದೈತಿ.”

ಚೀಟಿಯನ್ನು ಉಂಡೆ ಮಾಡಿ ನೀರಿಗೆಸೆದ. ಗುಂಪಿನ ಹಿರಿಯಳು ಕುಬ್ರಾಬಿ ಅದನ್ನು ಎತ್ತಿಕೊಂಡು ಸೆರಗಿಗೆ ಒತ್ತಿದಳು. ಐದನೇ ಹೆರಿಗೆಯಲ್ಲಿ ಸತ್ತ ಮಗಳನ್ನು ಮಣ್ಣು ಮಾಡಿದವಳು ಅವಳು.

“ಹುಲುಗಿ, ಇವತ್ತ ಕಡೀ ದಿನ ಅಲ್ಲೇನ?”

ಹುಲುಗಮ್ಮ ತಲೆಯಾಡಿಸಿದಳು.

“ಏಳ್ರವ್ವ ಎಲ್ರೂ.”

“ಗದ್ದಿ ಬಿಟ್ಟು ಮ್ಯಾಲೆ ಬಂದ್ರ ಈ ಊರಾಗ ಒಬ್ಬಾಕಿಗೂ ಕೂಲಿ ಇಲ್ಲ ನೋಡು, ಮುದುಕಿ.”

“ನೀನ ಇಳಿದು ಹಚ್ಚು ಧಣಿ. ಬಗ್ಗಾಕ ಬರ್ತೈತೋ ಇಲ್ಲೋ ನಿನ್ನ ಹೊಟ್ಟಿಗೆ.”

ಜಡೆಪ್ಪ ಕಾವು ಎತ್ತಿ ಅಡ್ಡ ಬಂದ. ಎಂಟು ಹೆಂಗಸರ ಕೆಸರುಗೈಗಳು ಒಟ್ಟಿಗೆ ಅವನ ಮೇಲೆ ಬಿದ್ದವು. ಅವನನ್ನು ಗದ್ದೆಯಲ್ಲಿ ಕೆಡವಿ, ತುಳಿದೇ ದಾಟಿದರು.

ಆಸ್ಪತ್ರೆಯ ಬಾಗಿಲಲ್ಲಿ ಜವಾನ ಕೈ ಅಡ್ಡ ಹಿಡಿದ. “ಕಾಲು ತೊಳ್ಕೊಂಡು ಬರ್ರಿ, ಹೊಲಸು ಮುಂಡೇವ.”

ಅವನ ಕೈ ಕೆಳಗಿಂದಲೇ ನುಗ್ಗಿದರು. ಬಿಳಿ ಟೈಲ್ಸಿನ ಮೇಲೆ ಕಪ್ಪು ಹೆಜ್ಜೆಗಳು ಸಿಸ್ಟರ ಕುರ್ಚಿಯವರೆಗೂ ಬಂದವು.

“ಎಲವು ಮುರಿದೈತಲ್ಲವ್ವ,” ಸಿಸ್ಟರು ಎದ್ದು ನಿಂತರು. “ಮೊದ್ಲು ಸಿರುಗುಪ್ಪಕ್ಕ ಹೋಗ್ಬೇಕು.”

ಹುಲುಗಮ್ಮ ಒದ್ದೆ ಚೀಟಿಯನ್ನು ಮೇಜಿನ ಮೇಲಿಟ್ಟಳು. ಜೋತುಬಿದ್ದ ಬಲಗೈಯನ್ನು ಮಡಿಲಲ್ಲಿ ಇರಿಸಿಕೊಂಡು, ಹಲ್ಲಿಂದ ಎಡರಟ್ಟೆಯ ರವಿಕೆ ತೋಳನ್ನು ಮೇಲಕ್ಕೆಳೆದಳು.

“ಅದು ಆಮ್ಯಾಲ ನೋಡ್ರಿ ಅಕ್ಕಾರ. ಈ ಕೈ ಗಟ್ಟಿ ಐತಿ. ಇದಕ್ಕ ಹಾಕ್ರಿ.”

ಹೊರಗೆ ಧಣಿಯ ಜೀಪು ಬಂದು ನಿಂತ ಸದ್ದಾಯಿತು. ಎಂಟು ಹೆಂಗಸರು ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ಕೂತರು.